ಒಂಬತ್ತು ತಿಂಗಳು ತುಂಬಿದ ಪಾಪ

ಸನ್ಮಾನ್ಯ ಫೋನು ಮಾಡುವ ಯಂತ್ರದವರಿಗೆ,
ಹಿಂದೂಪುರ–ಕಲ್ಯಾಣದುರ್ಗ ಎಳೆಗೂಸು ಜಂಟಿ ನೆರವು ಕೂಟ.

ಮಾನ್ಯರೇ,

ಹಸಿವು, ನಿದ್ದೆ, ನೆಗಡಿ ಯಾವುದೂ ಇಲ್ಲದ ತಮ್ಮ ಕ್ಷೇಮವನ್ನು ಹೇಗೆ ವಿಚಾರಿಸಬೇಕೆಂದು ತಿಳಿಯದೆ, ತಮಗೆ ಕರೆಂಟು ಸರಿಯಾಗಿ ಸಿಗುತ್ತಿದೆಯೆಂದು ನಂಬಿ ಈ ಪತ್ರ ಆರಂಭಿಸುತ್ತೇನೆ. ಹಿಂದೂಪುರದ ನೇಕಾರ ಹೆಂಗಸರು, ಕಲ್ಯಾಣದುರ್ಗದ ಅಂಗನವಾಡಿಯವರು, ಬಿಡುವಾದಾಗ ಇಬ್ಬರು ಡಾಕ್ಟರು ಸೇರಿ, ಕೂಸು ಹುಟ್ಟಿದ ಮನೆಯನ್ನು ಐದು ವರ್ಷ ಕೈಬಿಡಬಾರದೆಂದು ಈ ಕೂಟ ಕಟ್ಟಿದರು. ಗಡಿಯೂರಿನ ನಮಗೆ ಕನ್ನಡದಲ್ಲೇ ಕರೆ ಬರಲೆಂದು ತಮ್ಮನ್ನು ನೇಮಿಸಿದರು. ಅವರ ತೆಲುಗನ್ನು ಕನ್ನಡಕ್ಕೆ ತರುವುದರಲ್ಲಿ ತಾವು ತೋರಿದ ಪಾಂಡಿತ್ಯವೇ ನನ್ನ ದೂರು.

ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಕೂಸು. ನಮ್ಮ ಮನೆಗಳಲ್ಲೂ ಕೂಸನ್ನು ಹಾಗೇ ಕರೆಯುತ್ತೇವೆ. ಆದರೆ ತಾವು ಬ್ರಹ್ಮಸಮುದ್ರದಲ್ಲಿರುವ ನನ್ನ ಅಕ್ಕ ಬನಶ್ರೀಯ ಮಾವ ಶ್ರೀರಾಮಪ್ಪನವರಿಗೆ ಫೋನು ಮಾಡಿ, ಯಮಧರ್ಮನ ಗುಮಾಸ್ತರ ಕಂಠದಲ್ಲಿ, "ತಮ್ಮ ಪಾಪಕ್ಕೆ ಇಂದಿಗೆ ಒಂಬತ್ತು ತಿಂಗಳು ಭರ್ತಿಯಾಯಿತು. ಬುಧವಾರ ಪಾಪಸಮೇತ ಕಲ್ಯಾಣದುರ್ಗಕ್ಕೆ ಹಾಜರಾಗಿ. ಪಾಪದ ಭಾರವನ್ನು ಎಲ್ಲರೆದುರು ತೂಗಿ ಸೂಜಿ ಚುಚ್ಚಲಾಗುವುದು" ಎಂದು ಅಪ್ಪಣೆ ಕೊಡಿಸಿದಿರಿ.

ತಾವು ಹೇಳಿದ್ದು ಅಕ್ಕನ ಮಗಳು ಇಂದ್ರಾಣಿಯ ದಡಾರದ ಲಸಿಕೆಯ ವಿಷಯ. ಅವರಿಗೆ ಕೇಳಿಸಿದ್ದು ಬೇರೆ. ಕುಲದೇವತೆಯ ಮುಂದೆ ಬೀಡಿ ಬಿಟ್ಟೆನೆಂದು ಆಣೆಯಿಟ್ಟಿದ್ದ ಆ ಪುಣ್ಯಾತ್ಮರು, ಹಿಂದೂಪುರದ ಆಸ್ಪತ್ರೆಯಲ್ಲಿ ಅಕ್ಕ ಹೆರಿಗೆ ನೋವು ತಿನ್ನುತ್ತಿದ್ದಾಗ ಗಾಬರಿಬಿದ್ದು, ಕಾಂಪೌಂಡಿನ ಮರೆಯಲ್ಲಿ ಒಂದು ಹಚ್ಚಿದ್ದರು. ಅಂದಿನಿಂದ ಗುಟ್ಟಾಗಿ ನಡೆದೇ ಇತ್ತು. ಅವರ ಪಾಪವೂ ನಮ್ಮ ಪಾಪವೂ ಒಂದೇ ದಿನ ಹುಟ್ಟಿದ್ದರಿಂದ ತಮ್ಮ ಒಂಬತ್ತು ತಿಂಗಳ ಲೆಕ್ಕದಲ್ಲಿ ಒಂದು ದಿನವೂ ಆಚೀಚೆಯಾಗಲಿಲ್ಲ.

ಮೊದಲು ಬೆವರಿದರು, ಆಮೇಲೆ ನನಗೆ ಫೋನು ಹಚ್ಚಿದರು. "ಲೇ ತಿಪ್ಪೇಶಾ, ನಿಂದೇ ಕಣ್ಲಾ ಈ ಕಿತಾಪತಿ! ಗಂಟ್ಲು ದಪ್ಪ ಮಾಡ್ಕಂಡು ಮಾತಾಡ್ಬುಟ್ರೆ ಗೊತ್ತಾಗಲ್ವಾ?" ನನ್ನ ಇಷ್ಟು ವರ್ಷದ ಚೇಷ್ಟೆಯ ಕಸುಬಿನಲ್ಲಿ, ಮಾಡದ ಚೇಷ್ಟೆಗೆ ಬೈಸಿಕೊಂಡದ್ದು ಇದೇ ಮೊದಲು. ಇಷ್ಟು ಒಳ್ಳೆಯದು ನನಗೇ ಹೊಳೆಯಲಿಲ್ಲವಲ್ಲ ಎಂಬ ಹೊಟ್ಟೆಯುರಿ ಬೇರೆ.

ಅಷ್ಟಕ್ಕೇ ಮುಗಿದಿದ್ದರೆ ತಮ್ಮ ಕಾಲ ಹರಣ ಮಾಡುತ್ತಿರಲಿಲ್ಲ. ಕಲ್ಯಾಣದುರ್ಗದ ಕಡೆ ಯಾರೂ ತಲೆ ಹಾಕಕೂಡದೆಂದು ಅವರು ಹಟ ಹಿಡಿದು, ಎರಡು ಬುಧವಾರ ಲಸಿಕೆ ತಪ್ಪಿತು. ಹಿಂದಿನ ಬೀದಿಯಲ್ಲಿ ಆಗಲೇ ಇಬ್ಬರು ಮಕ್ಕಳಿಗೆ ದಡಾರ ಎದ್ದಿತ್ತು. ಸಮಾಧಾನ ಮಾಡಲು ನಾನು ಹೋದ ಮೂರನೇ ಬುಧವಾರ ಅಕ್ಕ ಕೂಸನ್ನು ಸೊಂಟಕ್ಕೇರಿಸಿ, "ನಿಮ್ ಪಾಪ ಏನೈತೋ ನಂಗೊತ್ತಿಲ್ಲ ಮಾವ, ನನ್ ಪಾಪಂಗೆ ಸೂಜಿ ಹಾಕುಸ್ಲೇಬೇಕು, ಹೋಯ್ತೀನಿ" ಎಂದು ಬಸ್ಸು ಹತ್ತಿದಳು. ನನ್ನ ಬೆನ್ನಿಗೇ ಅವರೂ ತಲೆ ತಗ್ಗಿಸಿ ಹಿಂದಿನ ಬಾಗಿಲಿನಿಂದ ಹತ್ತಿದರು.

ಅಲ್ಲಿ ಅಂಗನವಾಡಿಯ ಉಡುಸಲಮ್ಮ ತಕ್ಕಡಿ ಒರೆಸುತ್ತಾ "ಏದಮ್ಮಾ ಪಾಪ? ಇಟ್ಲಾ ಪೆಟ್ಟಂಡಿ" ಎಂದು ತೆಲುಗಿನಲ್ಲಿ ಪಾಪವನ್ನು ತಕ್ಕಡಿಗೆ ಇಡಲು ಹೇಳಿದ್ದೇ ತಡ, ಶ್ರೀರಾಮಪ್ಪನವರು ಮುಂದೆ ಬಂದು, ಸೊಂಟದ ಪಂಚೆಯ ಮಡಿಕೆಯಿಂದ ಬೀಡಿಕಟ್ಟು ತೆಗೆದು ಎರಡೂ ಕೈಯಿಂದ ತಕ್ಕಡಿಯ ಮೇಲಿಟ್ಟರು. "ಉಳ್ದಿರೋದು ಇಷ್ಟೇ ಕಣಮ್ಮಾ, ಮಿಕ್ಕಿದ್ದು ಸುಟ್ಟೋಗೈತೆ." ಮುಳ್ಳು ಅಲುಗಲಿಲ್ಲ. ಉಡುಸಲಮ್ಮ ಬಗ್ಗಿ ನೋಡಿ, "ಒಂಬತ್ತು ತಿಂಗ್ಳಿಗೆ ಈ ತೂಕ ಸಾಲ್ದು ಕಣಣ್ಣಾ" ಎಂದರು. ನಂತರ ಇಂದ್ರಾಣಿ ಎಂಟು ಕಿಲೋ ತೂಗಿದಳು. ಸೂಜಿ ಚುಚ್ಚಿದಾಗ ಅವಳ ಕಾಲು ಹಿಡಿದಿದ್ದ ತಾತನೇ ಹೆಚ್ಚು ಅತ್ತರು.

ಆದ್ದರಿಂದ ನನ್ನ ಬಿನ್ನಹ. ಆ ಚೇಷ್ಟೆ ನನ್ನದಲ್ಲವೆಂದು ಮೊಹರು ಒತ್ತಿದ ಸರ್ಟಿಫಿಕೇಟು ದಯಪಾಲಿಸಿ. ತಾಯಂದಿರಿಗೆ ಉಡುಸಲಮ್ಮನವರೇ ಫೋನು ಮಾಡಲಿ. ತಾವು ಕದ್ದು ಬೀಡಿ ಸೇದುವ ತಾತಂದಿರಿಗೆ ಮಾತ್ರ ಮಾಡಿ. ಸಾಧ್ಯವಾದರೆ ಒಮ್ಮೆ ಇಂದ್ರಾಣಿಯನ್ನು ಎತ್ತಿಕೊಳ್ಳಿ. ಮೈಮೇಲೆ ಉಚ್ಚೆ ಹೊಯ್ಸಿಕೊಂಡ ಮೇಲೆ ಎರಡು ಪಾಪಗಳ ವ್ಯತ್ಯಾಸ ತಮಗೇ ತಿಳಿಯುತ್ತದೆ.

ತಮ್ಮ ವಿಶ್ವಾಸಿ, ಇದೊಂದರಲ್ಲಿ ಮಾತ್ರ ನಿರಪರಾಧಿ,
ತಿಪ್ಪೇಶ್, ಹಿಂದೂಪುರ

ಮರೆತ ಮಾತು: ಉಡುಸಲಮ್ಮ ಕೂಟಕ್ಕೆ ವಿಷಯ ಮುಟ್ಟಿಸಿದ್ದಕ್ಕೆ, ಈಗಷ್ಟೇ ಅಕ್ಕನ ಮಾವನ ಫೋನಿಗೆ ತಮ್ಮ ಕ್ಷಮಾಪಣೆ ಬಂತಂತೆ: "ತೊಂದರೆಗೆ ವಿಷಾದಿಸುತ್ತೇವೆ. ತಮ್ಮ ಪಾಪವನ್ನು ಪಟ್ಟಿಯಿಂದ ಅಳಿಸಲಾಗಿದೆ." ಶ್ರೀರಾಮಪ್ಪನವರು ಬೀದಿಗೆಲ್ಲ ಬೆಲ್ಲ ಹಂಚುತ್ತಿದ್ದಾರೆ. ಅಕ್ಕ ಮುಂದಿನ ಲಸಿಕೆ ಯಾವಾಗ ಎಂದು ಕೇಳುತ್ತಿದ್ದಾಳೆ. ದಯವಿಟ್ಟು ನಮ್ಮ ಪಾಪವನ್ನು ಮತ್ತೆ ಪಟ್ಟಿಗೆ ಸೇರಿಸಿಕೊಳ್ಳಿ. ಅವರದ್ದು ಬೇಡ.