ಸಂತನ ಪಲ್ಲಕ್ಕಿಯಲ್ಲಿ ಶಾಲೆಗೆ

ಬೆಳಿಗ್ಗೆ ಎದ್ದಾಗಿನಿಂದ ಎಲ್ಪಿಡಿಯೊ ಏದುಸಿರು ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದ.

ನಾಟಕದ ಅಗತ್ಯವೇನೂ ಇರಲಿಲ್ಲ. ನಡೆಯಲಾಗದ ಮಗಳು ಮಿಲಾಳನ್ನು ದಿನಾ ಬೆನ್ನ ಮೇಲೆ ಹೊತ್ತು ಮಹಡಿಯ ಶಾಲೆಗೆ ಹತ್ತಿಸಿ ಅವನ ಸೊಂಟ ಆಗಲೇ ಕೈಕೊಟ್ಟಿತ್ತು. ಇನ್ನೊಂದು ಮಳೆಗಾಲ ಹೊತ್ತರೆ ಹಾಸಿಗೆ ಹಿಡಿಯುತ್ತೀಯ ಎಂದು ಡಾಕ್ಟರು ಹೇಳಿದ್ದರು. ಅವನು ಮಲಗಿದರೆ ಅವಳ ಓದೂ ಮಲಗಿದಂತೆಯೇ. ಇವತ್ತು ಮನಿಲಾದಿಂದ ಇಲಾಖೆಯ ಮೇಡಂ ಬರುವವರಿದ್ದರು. ಅಂಗವಿಕಲ ಮಕ್ಕಳ ಅನುದಾನದಲ್ಲಿ ಈ ಸೀಮೆಗೆ ಮಂಜೂರಾಗಿದ್ದು, ಮೆಟ್ಟಿಲ ಬದಲಿಗೆ, ಒಂದೇ ಒಂದು ಇಳಿಜಾರು ದಾರಿ. ಯಾವ ಶಾಲೆಯ ಕಷ್ಟ ಹೆಚ್ಚೋ ಅದಕ್ಕೆ.

ಊರ ಮುಖಂಡ ನೆಮೆಸಿಯೊ ಅವನನ್ನು ಮನೆ ಬಾಗಿಲಲ್ಲೇ ತಡೆದ.

"ಥೂ ಮಾರಾಯ! ದೊಡ್ಡೋರು ಬರೋ ದಿನ ಮಗೂನ ಅಕ್ಕಿ ಮೂಟೆ ಥರ ಹೊತ್ಕೊಂಡು ಬರ್ತೀಯಾ? ಊರಿನ ಮಾನ ಏನಾಗ್ಬೇಕು?"

"ಅಣ್ಣಾ, ಅವರು ನೋಡ್ಲಿ ಅಂತಲೇ..."

"ನೋಡ್ಲಿ! ನಾವೆಂಥವರು ಅಂತ ನೋಡ್ಲಿ!"

ಪಕ್ಕದ ಮನೆಯ ಪುರಿಂಗಕ್ಕ ಮಿಲಾಳಿಗೆ ಹಬ್ಬದ ಗೌನು ತೊಡಿಸಿ ಪೌಡರು ಮೆತ್ತಿದಳು. ಇಗರ್ಜಿಯಿಂದ ಸಂತ ರೋಕನ ಪಲ್ಲಕ್ಕಿ ಬಂತು. ಸಂತನ ವಿಗ್ರಹವನ್ನು ಕಾಲಬಳಿಯ ನಾಯಿಯ ಸಮೇತ ಕೆಳಗಿಳಿಸಿ ಮೂಲೆಯಲ್ಲಿ ನಿಲ್ಲಿಸಿ, ಹುಡುಗಿಯನ್ನು ಕೂರಿಸಿದರು. ವರ್ಷವಿಡೀ ಅವಳತ್ತ ತಿರುಗಿಯೂ ನೋಡದ ನಾಲ್ವರು ಗಟ್ಟಿಗರು ಹೆಗಲು ಕೊಟ್ಟರು. ಬ್ಯಾಂಡು ಬಾರಿಸಿತು. ಎಲ್ಪಿಡಿಯೊನ ಕೈಗೆ ಕೊಡೆ ಕೊಟ್ಟಿದ್ದರು. ಕೊಡೆ ಹಿಡಿದು ಏದುಸಿರು ಬಿಡುವುದು ಹೇಗೆ?

ಶಾಲೆಯ ಮಹಡಿಯಲ್ಲಿ ಕಾದಿದ್ದ ಮೇಡಂ ಕಣ್ಣೊರೆಸಿಕೊಂಡರು. "ದಿನಾ ಹೀಗೇನಾ?"

"ದಿನಾ, ಮೇಡಂ!" ಎಂದರು ನಾಲ್ವರೂ.

ಎಲ್ಪಿಡಿಯೊ ಬಾಯಿ ತೆರೆದ. ಪುರಿಂಗಕ್ಕ ಅದರೊಳಗೆ ಅಕ್ಕಿಯ ಸಿಹಿ ಕಡುಬು ತುರುಕಿದಳು.

"ಸರಕಾರದ ಕೈಲಾಗದ್ದನ್ನ ನೀವು ಮಾಡಿದೀರಿ. ಇಳಿಜಾರು ದಾರಿ ಬೇರೆ ಊರಿಗೆ ಹೋಗ್ಲಿ, ಪಾಪ, ಅಲ್ಲಿ ನಿಮ್ಮಂಥ ಜನ ಇಲ್ಲ" ಎಂದ ಮೇಡಂ, ಕಾರಿನಲ್ಲಿ ಸದಾ ಇರುವ ಸನ್ಮಾನ ಫಲಕಗಳಲ್ಲಿ ಒಂದನ್ನು ತರಿಸಿ ಕೊಟ್ಟರು. ದಪ್ಪ ಮರ, ಮೇಲೆ ಹಿತ್ತಾಳೆ. ಚಪ್ಪಾಳೆಯೋ ಚಪ್ಪಾಳೆ.

ಸಂಜೆ ಪ್ರಾರ್ಥನೆಗೆ ಸಂತ ಬೇಕಾಗಿದ್ದರಿಂದ ಪಲ್ಲಕ್ಕಿ ಬೇಗನೆ ಹೊರಟಿತು. ಅದನ್ನು ಮುಟ್ಟಿಸಿ ಬಂದ ನಾಲ್ವರೂ ಕೆಳಗೆ ಹುರಿದ ಹಂದಿಯ ಸುತ್ತ ಸೇರಿದರು. ಮಹಡಿಯಲ್ಲಿ ಅಪ್ಪ ಮಗಳು ಉಳಿದರು.

"ಅಪ್ಪಾ, ನಾಳೆನೂ ಪಲ್ಲಕ್ಕಿ ಬರುತ್ತಾ?"

"ಇಲ್ಲ ಕಂದಾ. ಅದು ಸಂತಂದು."

ಅವನಿಗೆ ಅಳುವೇ ಬಂತು. ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟ. ಕೆಳಗಿನಿಂದ ನೆಮೆಸಿಯೊ ಕೂಗಿದ: "ಎಲ್ಪಿಡಿಯೊ! ಫಲಕ ಮೇಲೇ ಉಳೀತು, ತಗೊಂಡ್ಬಾರೋ! ಜೋಪಾನ!"

ಮಿಲಾ ಅದನ್ನು ಅವಚಿಕೊಂಡು ಬೆನ್ನೇರಿದಳು. ಸೊಂಟದಲ್ಲಿ ಡಾಕ್ಟರು ಬೆರಳಿಟ್ಟು ತೋರಿಸಿದ್ದ ಜಾಗಕ್ಕೇ ಅದರ ಮೂಲೆ ಒತ್ತಿತು. ಮೆಟ್ಟಿಲಿಳಿಯುತ್ತ ಎಲ್ಪಿಡಿಯೊ ಬೆಳಗಿನ ಅಭ್ಯಾಸವನ್ನೆಲ್ಲ ಮೀರಿಸುವಂತೆ ಏದುಸಿರು ಬಿಟ್ಟ. ಮೇಡಂ ಕಾರು ಆಗಲೇ ಊರು ದಾಟಿತ್ತು.