ಸೊನ್ನೆ ತುಂಬಿದವರು

ಸೂಚನಾ ಫಲಕದ ಮುಂದೆ ನಿಂತ ಬಿ ವಿಭಾಗದ ವಿಜ್ಞಾನ ಮೇಷ್ಟ್ರು ಫಲಿತಾಂಶದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೂ ಒಂದು ಸಲ ಓದಿನೋಡಿದರು. ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆ ಬರುವ ಪರೀಕ್ಷೆಯಲ್ಲಿ ಈ ಸಲವೂ ಎ ವಿಭಾಗದ ಮಕ್ಕಳು ಮೊದಲು, ತಮ್ಮ ಮಕ್ಕಳು ಕೊನೆ. ಎ ವಿಭಾಗಕ್ಕೆ ವಿಜ್ಞಾನ ಹೇಳಿಕೊಡುವ ಟೀಚರಮ್ಮ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದಲ್ಲೇ ಕೂರುತ್ತಿದ್ದರು. ಹೊಟ್ಟೆಕಿಚ್ಚಿಗೆ ಅಷ್ಟು ಹತ್ತಿರ ಒಳ್ಳೆಯದಲ್ಲ.

ಸಾಲದ್ದಕ್ಕೆ ಉಪಮುಖ್ಯೋಪಾಧ್ಯಾಯರ ಹುದ್ದೆ ಖಾಲಿಯಿತ್ತು. ಆ ಹುದ್ದೆಗೊಂದು ಬೇರೆ ಕೋಣೆ, ಕೋಣೆಯಲ್ಲೊಂದು ಕೈಯಿರುವ ಕುರ್ಚಿ. ಅದು ಯಾರಿಗೆಂದು ಹೆಡ್‌ಮಿಸ್ ಇವತ್ತೇ ಹೇಳುವವರಿದ್ದರು. ಮೇಷ್ಟ್ರ ಹೆಂಡತಿ ಆಗಲೇ ಕುರ್ಚಿಗೊಂದು ದಿಂಬು ಹೊಲಿದಿಟ್ಟಾಗಿತ್ತು.

ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಪರೀಕ್ಷೆಯ ಜನ್ಮ ಜಾಲಾಡಿದರು. ನಾಲ್ಕು ಉತ್ತರ ಕೊಟ್ಟು, ಒಂದರ ಮುಂದಿನ ಸೊನ್ನೆಯನ್ನು ಪೆನ್ಸಿಲ್ಲಿನಲ್ಲಿ ಕಪ್ಪು ಮಾಡು ಎಂದರೆ ಅದೂ ಒಂದು ವಿದ್ಯೆಯೇ? ತಮ್ಮ ತರಗತಿಯ ಹುಡುಗಿಯೊಬ್ಬಳು ಕೆಟ್ಟ ಟಾರ್ಚು ಬಿಚ್ಚಿ ಸರಿಮಾಡುತ್ತಾಳೆ, ಅದಕ್ಕೆ ಯಾವ ಸೊನ್ನೆ ಇದೆ? ಮಾತೇನೋ ನ್ಯಾಯವಾಗಿಯೇ ಇತ್ತು, ಆಡಿಸಿದ್ದು ಮಾತ್ರ ಹೊಟ್ಟೆಕಿಚ್ಚು.

ಅಲ್ಲೇ ಕೂತಿದ್ದ ಡ್ರಿಲ್ ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಓಡಿಹೋಗಿ ಹೆಡ್‌ಮಿಸ್ ಕಿವಿಗೆ ಹಾಕಿಬಂದರು. ಹೆಡ್‌ಮಿಸ್ ಇಬ್ಬರು ವಿಜ್ಞಾನಿಗಳನ್ನೂ ಕರೆಸಿ, ಶಿಕ್ಷಕರಿಗೆಂದೇ ಬಂದಿರುವ ಅಂಥದ್ದೇ ಪತ್ರಿಕೆ ಬೀರುವಿನಲ್ಲಿದೆ, ಮಧ್ಯಾಹ್ನ ಬರೆಯಿರಿ, ನೋಡೇಬಿಡೋಣ ಎಂದರು.

ಹೊರಗೆ ಬಂದ ಟೀಚರಮ್ಮ ದನಿ ತಗ್ಗಿಸಿದರು. "ಸರ್, ನೀವು ಹೇಳಿದ್ದು ನಂಗೂ ನಿಜ ಅನ್ಸುತ್ತೆ. ನನ್ನ ಮಕ್ಕಳಿಗೆ ಸೊನ್ನೆ ತುಂಬೋಕೆ ಬರುತ್ತೆ, ಒಂದು ಪ್ರಶ್ನೆ ಕೇಳೋಕೆ ಬರಲ್ಲ. ಇಬ್ರೂ ಪ್ರಶ್ನೆ ಓದದೇ ತುಂಬಿಬಿಡೋಣ. ಪಾಠ ಮಾಡೋರೇ ಫೇಲಾದ್ರೆ ಪರೀಕ್ಷೆ ಮಾನ ಹೋಗುತ್ತೆ."

ಮೇಷ್ಟ್ರು ಮಾತು ಕೊಟ್ಟರು.

ಖಾಲಿ ತರಗತಿ, ಮಕ್ಕಳ ಬೆಂಚು, ಎದ್ದರೆ ಮೊಣಕಾಲಿಗೆ ಡೆಸ್ಕು. ಕಾವಲಿಗೆ ಡ್ರಿಲ್ ಮೇಷ್ಟ್ರು, ಬಾಯಲ್ಲಿ ಸೀಟಿ. ವಿಜ್ಞಾನ ಮೇಷ್ಟ್ರು ಕಣ್ಣು ಮುಚ್ಚಿ ಮೊದಲ ಕೆಲವು ಸೊನ್ನೆ ತುಂಬಿದರು. ಆಮೇಲೆ ಓರೆಗಣ್ಣಲ್ಲಿ ನೋಡಿದರೆ ಟೀಚರಮ್ಮ ಪೆನ್ಸಿಲ್ಲನ್ನು ತುಟಿಗಿಟ್ಟುಕೊಂಡು ಯೋಚಿಸುತ್ತಿದ್ದಾರೆ. ಓದದೇ ತುಂಬುವವರಿಗೆ ಯೋಚನೆ ಯಾಕೆ? ತಮ್ಮನ್ನು ಫೇಲು ಮಾಡಿಸಿ ಕುರ್ಚಿ ಹೊಡೆಯುವ ಸಂಚು ಇದು ಎಂದುಕೊಂಡ ಮೇಷ್ಟ್ರಿಗೆ ಮೈಯೆಲ್ಲಾ ಉರಿಯಿತು. ರಬ್ಬರ್ ತೆಗೆದು ತುಂಬಿದ್ದೆಲ್ಲಾ ಅಳಿಸಿದರು. ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿ, ಬೆವರು ಒರೆಸಿಕೊಳ್ಳುತ್ತಾ ಉತ್ತರಿಸಿದರು.

ಶಾಲೆ ಬಿಟ್ಟ ಮೇಲೆ ಹೆಡ್‌ಮಿಸ್ ಎಲ್ಲರನ್ನೂ ಸೇರಿಸಿ ಫಲಿತಾಂಶ ಓದಿದರು. ಮೇಷ್ಟ್ರಿಗೆ ನೂರಕ್ಕೆ ತೊಂಬತ್ತೆಂಟು, ಟೀಚರಮ್ಮನಿಗೆ ಇಪ್ಪತ್ತನಾಲ್ಕು. ಮೇಜಿನ ಮೇಲಿದ್ದ ಟೀಚರಮ್ಮನ ಹಾಳೆಯಲ್ಲಿ ಕಪ್ಪು ಸೊನ್ನೆಗಳು ಜಡೆ ಹೆಣೆದಂತೆ ಅಂದವಾಗಿ ಇಳಿದಿದ್ದವು. ಪಾಪ, ಅವರು ಯೋಚಿಸುತ್ತಿದ್ದದ್ದು ಹೆಣಿಗೆಯನ್ನು. ಮೇಷ್ಟ್ರಿಗೆ ಒಂದು ಗಳಿಗೆ ಚುರುಕ್ ಎಂದಿತು, ಆಮೇಲೆ ಕೈಯಿರುವ ಕುರ್ಚಿ ನೆನಪಾಯಿತು.

"ಈಗ ಪರೀಕ್ಷೆ ಬಗ್ಗೆ ಏನಂತೀರಿ?" ಹೆಡ್‌ಮಿಸ್ ಕೇಳಿದರು.

"ಚಿನ್ನದಂಥ ಪರೀಕ್ಷೆ ಮೇಡಂ. ಯಾರಿಗೆಷ್ಟು ಗೊತ್ತು ಅಂತ ತೂಕ ಹಾಕಿ ಹೇಳುತ್ತೆ."

"ಸರಿ. ನಿಮಗೆ ಇಷ್ಟೆಲ್ಲಾ ಗೊತ್ತು, ನಿಮ್ಮ ಮಕ್ಕಳಿಗೆ ಏನೂ ಗೊತ್ತಿಲ್ಲ. ಅಂದ್ರೆ ನೀವು ಪಾಠಾನೇ ಮಾಡ್ತಿಲ್ಲ. ಇವರಿಗೆ ಗೊತ್ತಿರೋದೇ ಇಷ್ಟು, ಆದ್ರೂ ಮಕ್ಕಳನ್ನ ಮೊದಲು ತಂದಿದ್ದಾರೆ. ಇಂಥ ಟೀಚರ್ ಇನ್ನೆಲ್ಲಿ ಸಿಗ್ತಾರೆ?" ಹೆಡ್‌ಮಿಸ್ ಉಪಮುಖ್ಯೋಪಾಧ್ಯಾಯರ ಕೋಣೆಯ ಬೀಗದ ಕೈಯನ್ನು ಟೀಚರಮ್ಮನ ಮುಂದೆ ಹಿಡಿದರು.

ಟೀಚರಮ್ಮ ಹೌಹಾರಿ, ತಾವು ಪ್ರಶ್ನೆಯನ್ನೇ ಓದಿಲ್ಲವೆಂದು ಹೇಳಿನೋಡಿದರು. ಎಂಥ ವಿನಯ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಅದು ನಿಜವೆಂದು ಹೇಳಲು ಬಾಯಿ ತೆರೆದರು. ಹೇಳಬೇಕಾದರೆ ತಾವು ಕೊಟ್ಟ ಮಾತಿನ ವಿಷಯವೂ ಬರುತ್ತಿತ್ತು. ಬಾಯಿ ಮುಚ್ಚಿಕೊಂಡು ಅವರೂ ಚಪ್ಪಾಳೆ ತಟ್ಟಿದರು. ಪಾಠ ಮಾಡುವುದು ಹೇಗೆಂದು ಕಲಿಯಲು ನಾಳೆಯಿಂದ ಅವರು ಟೀಚರಮ್ಮನ ತರಗತಿಯಲ್ಲಿ ಕೂರಬೇಕೆಂದೂ ಅಪ್ಪಣೆಯಾಯಿತು.

ಬಾಗಿಲ ಬಳಿ ಟೀಚರಮ್ಮ ನಿಂತರು. "ಕೊನೇ ಬೆಂಚಲ್ಲಿ ಕೂತ್ಕೊಳ್ಳಿ ಸರ್. ಪಕ್ಕದವರ ಹಾಳೆ ಮಾತ್ರ ನೋಡ್ಬೇಡಿ."

ಹೆಂಡತಿ ಹೊಲಿದ ದಿಂಬು ಮಾತ್ರ ದಂಡವಾಗಲಿಲ್ಲ. ಮಕ್ಕಳ ಬೆಂಚು ಬಹಳ ಗಟ್ಟಿ.