ಬಸ್ಸಿನಲ್ಲಿ ಸಿಕ್ಕ ತಾಯಿ

ಆಕಸ್ಮಿಕ ಭೇಟಿ ಎಂಬುದು ಭೇಟಿಯಾದ ಇಬ್ಬರಿಗೆ ಮಾತ್ರ ಆಕಸ್ಮಿಕ. ಒಲೆಯ ಮುಂದೆ ನಿಂತ ಮೂರನೆಯವಳಿಗೆ ಅದು ದಿನನಿತ್ಯದ ಗೋಳು. ಇದನ್ನು ನಾನು ಯಾವ ಗ್ರಂಥದಲ್ಲೂ ಓದಿದ್ದಲ್ಲ. ಹೊಳೆನರಸೀಪುರದಲ್ಲಿ ಸುವಾರ್ತೆ ಸಾರುವವರೊಬ್ಬರ ಹೆಂಡತಿಯಾಗಿ ಬೇಯಿಸಿ ಬೇಯಿಸಿ ಕಲಿತದ್ದು. ನಮ್ಮ ಯಜಮಾನರು ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಕಂಡ ಕಂಡ ಬಸ್ಸು ಹತ್ತಿಳಿದು ಕರಪತ್ರ ಹಂಚುತ್ತಾರೆ. ದಾರಿಯಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಸಿಕ್ಕವರೆಲ್ಲ ದೇವರು ಕಳಿಸಿದವರು ಎನ್ನುವುದು ಇವರ ನಂಬಿಕೆ. ದೇವರು ಕಳಿಸಿದವರಲ್ಲಿ ಒಬ್ಬರಾದರೂ ಊಟ ಮಾಡಿಕೊಂಡು ಬಂದಿದ್ದನ್ನು ನಾನು ಕಂಡಿಲ್ಲ.

ಒಮ್ಮೆ ನುಗ್ಗೇಹಳ್ಳಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬ ಹಾಗೆ ಸಿಕ್ಕ. "ಆತನ ಆತ್ಮ ಬಹಳ ಬಾಯಾರಿದೆ ಕಣೇ" ಎಂದು ಇವರು ಅಡುಗೆಮನೆಗೆ ಬಂದು ಪಿಸುಗುಟ್ಟಿದರು. ಆತ್ಮದ ವಿಷಯ ನನಗೆ ತಿಳಿಯದು, ಹೊಟ್ಟೆ ಮಾತ್ರ ಚೆನ್ನಾಗಿಯೇ ಹಸಿದಿತ್ತು. ಅವನು ಇನ್ನೊಂದು ಮುದ್ದೆ ಮುರಿಯುತ್ತಾ, "ಸಾರು ಸಂದಾಗೈತೆ ಅಮ್ಮಾರೇ. ಕಡೇ ಬಸ್ಸು ತಪ್ಪೋಗಿತ್ತು, ಈ ಪಾದ್ರಿ ಸಾ ಸಿಕ್ಕಿದ್ದು ಒಳ್ಳೇದಾಯ್ತು ಕಣಮ್ಮ" ಅಂದ. ಭಾನುವಾರ ಸಭೆಯಲ್ಲಿ, ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವ ಹೊತ್ತಿಗೆ, ಅದೇ ಇವರ ದೊಡ್ಡ ಸಾಕ್ಷಿಯಾಯಿತು. ಇವರ ಸಾಕ್ಷಿಗಳಲ್ಲಿ ಮಳೆ ಬರುತ್ತದೆ, ಬಸ್ಸು ಕೆಡುತ್ತದೆ, ಅಪರಿಚಿತನ ಮನಸ್ಸು ಕರಗುತ್ತದೆ. ನಾನು ಮಾತ್ರ ಬರುವುದಿಲ್ಲ. ಮುದ್ದೆ ತಾನಾಗಿಯೇ ಬೆಂದು ತಟ್ಟೆಗೆ ಬಂದು ಕೂರುತ್ತದೆ.

ಇಷ್ಟರಲ್ಲಿ ನನ್ನ ಬಲಗಣ್ಣಿಗೆ ಪೊರೆ ಬಂತು. ಎಡಗಣ್ಣು ಮೊದಲೇ ಮಂದ. ಸದಾ ನೀರು ಸೋರುತ್ತಿತ್ತು, ಅಕ್ಕಿಯಲ್ಲಿನ ಕಲ್ಲು ಕಾಣಿಸದಾಯಿತು. ಹಾಸನದ ಕಣ್ಣಾಸ್ಪತ್ರೆಗೆ ಹೊರಟಾಗಲೆಲ್ಲ ದೇವರು ಯಾರನ್ನಾದರೂ ಕಳಿಸುತ್ತಿದ್ದ. "ಮುಂದಿನ ವಾರ ಹೋದರಾಯ್ತು, ಕಣ್ಣೇನು ಓಡಿಹೋಗುತ್ತಾ?" ಎನ್ನುತ್ತಿದ್ದರು ಇವರು. ಓಡಿಹೋಗುತ್ತಲೇ ಇತ್ತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಗುತ್ತಿತ್ತು.

ಒಂದು ದಿನ, ಕೊಣನೂರಿನಿಂದ ಇಬ್ಬರು ಊಟಕ್ಕೆ ಬರುತ್ತಾರೆಂದು ಹೇಳಿ ಇವರು ಬೆಳಿಗ್ಗೆಯೇ ಹೊರಟರು. ನಾನು ಅಡುಗೆ ಮಾಡಿ ಮುಚ್ಚಿಟ್ಟು, ಬೀಗದ ಕೈ ಪಕ್ಕದ ಮನೆಗೆ ಕೊಟ್ಟು, ಹಾಸನದ ಬಸ್ಸು ಹತ್ತಿ ಕೂತೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಕರಪತ್ರದ ಕಟ್ಟು ಹಿಡಿದು ಯಾರು ಹತ್ತಬೇಕು? ಇವರೇ. ಕಂಡರೆ ಇಳಿಸಿ ಮನೆಗೆ ಅಟ್ಟುವುದು ಖಂಡಿತ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದೆ. ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ ಹೆಂಡತಿಯ ಸೀರೆಯ ಗುರುತಾದರೂ ಸಿಕ್ಕೀತೆಂದು ಹೆದರಿದ್ದೆ. ಸುಮ್ಮನೆ ಹೆದರಿದ್ದೆ.

"ತಾಯಿ, ನಿಮ್ಮ ಮನೆಯಲ್ಲಿ ಸಮಾಧಾನ ಇದೆಯಾ?" ಎಂದು ಕೇಳಿ ಕರಪತ್ರವನ್ನು ನನ್ನ ಮಡಿಲಲ್ಲಿ ಇಟ್ಟರು. ಅಂಥ ಅಕ್ಕರೆಯ ದನಿಯನ್ನು ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಹೊಟ್ಟೆ ಉರಿದುಹೋಯಿತು. ಪೊರೆಗಣ್ಣಿನ ನೀರು ಎಂದಿನಂತೆ ಸೆರಗಿನಡಿಯಿಂದ ಗಲ್ಲಕ್ಕಿಳಿದದ್ದು ಇವರಿಗೆ ಕಂಡಿತು. ಇವರು ಕಣ್ಣು ಮುಚ್ಚಿ, ಕೈಯೆತ್ತಿ ಪ್ರಾರ್ಥಿಸತೊಡಗಿದರು. "ಆಯ್ತಾ ಪಾದ್ರಿ ಸಾ? ಇಳ್ಕಳಿ, ಟೈಮಾಗೋಯ್ತು" ಎಂದು ಕಂಡಕ್ಟರ್ ನನ್ನನ್ನು ಕಾಪಾಡಿದ.

ಹಾಸನದ ಡಾಕ್ಟರು, "ಇನ್ನೂ ತಡ ಮಾಡಿದರೆ ನನ್ನ ಕೈಯಲ್ಲಿಲ್ಲಮ್ಮ" ಎಂದು ಬರುವ ತಿಂಗಳ ಮೊದಲ ಬುಧವಾರಕ್ಕೆ ಆಪರೇಷನ್ ಗೊತ್ತು ಮಾಡಿದರು. ಸಂಜೆ ಬಂದಾಗ ಕೊಣನೂರಿನವರು ಉಂಡು ಹೋಗಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಇವರು ಕೇಳಲೂ ಇಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ನಿಧಾನವಾಗಿ ಹೇಳೋಣ ಎಂದುಕೊಂಡೆ.

ಭಾನುವಾರದ ಸಾಕ್ಷಿಯಲ್ಲಿ ಕೊನೆಗೂ ನಾನು ಬಂದೆ. "ಸಮಾಧಾನ ಇದೆಯಾ ಎಂದು ಕೇಳಿದ್ದೇ ತಡ, ಬಸ್ಸಿನಲ್ಲಿದ್ದ ಆ ತಾಯಿಯ ಕಣ್ಣಲ್ಲಿ ನೀರು. ಎಂಥ ಕಲ್ಲುಮನಸ್ಸಿನ ಗಂಡನೋ" ಎಂದು ಇವರು ಗದ್ಗದಿತರಾದರು. ಸಭೆಯೇ ಲೊಚಗುಟ್ಟಿತು. ಪಕ್ಕದಲ್ಲಿದ್ದ ಅಜ್ಜಿ, "ಪಾಪ, ಯಾವ್ ಮನೆ ಎಣ್ಣುಮಗಳೋ ಕಣಮ್ಮ" ಎಂದು ನನ್ನ ಕೈ ಹಿಡಿದುಕೊಂಡರು. ಆ ತಾಯಿಗಾಗಿ ನಮ್ಮ ಮನೆಯಲ್ಲಿ ಇಡೀ ದಿನ ಪ್ರಾರ್ಥನೆ, ಎಲ್ಲರಿಗೂ ಅಲ್ಲೇ ಊಟ ಎಂದು ಇವರು ಸಾರಿದರು. ದಿನವನ್ನೂ ಇವರೇ ಆರಿಸಿದರು: ಬರುವ ತಿಂಗಳ ಮೊದಲ ಬುಧವಾರ.

ಆಗಲೇ ಎದ್ದು ಹೇಳಬಹುದಿತ್ತು. ಎಲ್ಲರೂ "ಆಮೆನ್" ಅಂದರು. ಅಭ್ಯಾಸಬಲ, ನನ್ನ ಬಾಯಿಂದಲೂ ಬಂದುಬಿಟ್ಟಿತು. ಈಗ ಅಷ್ಟು ಜನಕ್ಕೆ ಬೇಕಾದ ಅಕ್ಕಿಯನ್ನು ತಡಕಾಡುತ್ತಾ ಆರಿಸುತ್ತಿದ್ದೇನೆ. ಅಷ್ಟು ನೊಂದಿರುವ ಹೆಂಗಸಿಗಾಗಿ ನಾನು ಒಂದು ಹೊತ್ತು ಬೇಯಿಸದಿದ್ದರೆ ಹೇಗೆ?